ಬಿಸಿಲು ನಮ್ಮದು, ಪ್ಯಾನೆಲ್ ಯಾರದ್ದು?

ಹೋದ ಯುಗಾದಿಗೆ ತುಮಕೂರಿಗೆ ಹೋಗಿದ್ದೆ. ಒಬ್ಬಟ್ಟಿನ ಊಟ ಮುಗಿದು ಕೈ ಒರೆಸಿಕೊಳ್ಳುವಷ್ಟರಲ್ಲಿ ಅಪ್ಪ ಎರಡು ಕಾಗದ ತಂದು ಮುಂದಿಟ್ಟರು. ಎರಡೂ ಸೋಲಾರ್ ಕಂಪನಿಗಳ ಕೊಟೇಶನ್.

ಮೊದಲನೆಯದು ಖರೀದಿ. 3 ಕಿಲೋವ್ಯಾಟ್ ಪ್ಯಾನೆಲ್, ಎಲ್ಲಾ ಸೇರಿ ಸುಮಾರು 2 ಲಕ್ಷ ರೂಪಾಯಿ. ಕೇಂದ್ರದ ಸಬ್ಸಿಡಿ 78,000 ವಾಪಸ್ ಬರುತ್ತೆ, ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ ಸಿಗುತ್ತೆ. ಎರಡನೆಯದು ಬಾಡಿಗೆ. ಒಂದು ರೂಪಾಯಿಯನ್ನೂ ಹಾಕಬೇಡಿ, ಪ್ಯಾನೆಲ್ ನಮ್ಮದೇ, ರಿಪೇರಿಯೂ ನಮ್ಮದೇ, ನಿಮ್ಮ ತಾರಸಿ ಕೊಟ್ಟರೆ ಸಾಕು. ಹುಟ್ಟಿದ ಕರೆಂಟಿಗೆ ಯೂನಿಟ್‌ಗೆ 4 ರೂಪಾಯಿ 50 ಪೈಸೆ ಕೊಡಿ, ವರ್ಷಕ್ಕೆ ಶೇ. 3ರಷ್ಟು ಏರಿಕೆ, 25 ವರ್ಷದ ಅಗ್ರಿಮೆಂಟ್. ಸಬ್ಸಿಡಿಯ ಮಾತು ಅದರಲ್ಲಿ ಇರಲಿಲ್ಲ.

"ಎಕ್ಸೆಲ್ ಗೊತ್ತಿರೋನು ನೀನು, ಲೆಕ್ಕ ಹಾಕು," ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "25 ವರ್ಷ ಅಂದ್ರೆ ನಂಗೆ 93 ಆಗಿರುತ್ತೆ," ಅಂತಲೂ ಸೇರಿಸಿದರು.

ಎಕ್ಸೆಲ್ ತೆಗೆದೆ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಹಿಡಿದರೆ ವರ್ಷಕ್ಕೆ ಹತ್ತಿರಹತ್ತಿರ 4,400 ಯೂನಿಟ್. ಬೋರ್‌ವೆಲ್ ಮೋಟಾರ್, ಅಮ್ಮನ ಇಂಡಕ್ಷನ್ ಒಲೆ, ತಮ್ಮನ ಎಲೆಕ್ಟ್ರಿಕ್ ಸ್ಕೂಟರ್, ಎಲ್ಲಾ ಸೇರಿ ನಮ್ಮ ಮನೆಯ ಬಳಕೆ 200 ಯೂನಿಟ್ ದಾಟಿ ಎಷ್ಟೋ ತಿಂಗಳಾಗಿದೆ. ಹಾಗಾಗಿ ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಭಾಗ್ಯ ನಮಗಿಲ್ಲ. ಯೂನಿಟ್‌ಗೆ 6 ರೂಪಾಯಿ ಉಳಿಯುತ್ತೆ ಅಂದುಕೊಂಡರೆ ಖರೀದಿಯ ದುಡ್ಡು ಐದು ವರ್ಷದಲ್ಲಿ ವಾಪಸ್. ಬಾಡಿಗೆಯಲ್ಲಾದರೆ ಮೊದಲ ವರ್ಷದ ಉಳಿತಾಯ ಆರೂವರೆ ಸಾವಿರದ ಆಸುಪಾಸು, ಆದರೆ ಜೇಬಿಂದ ಒಂದು ಪೈಸೆ ಹೋಗಿರೋದಿಲ್ಲ. ಖರೀದಿ ಗೆಲ್ಲುತ್ತೆ ಅನ್ನಿ. ಆದರೆ ಮಧ್ಯೆ ಇನ್ವರ್ಟರ್ ಕೆಟ್ಟರೆ? ಸರ್ಕಾರ ದರ ಬದಲಿಸಿದರೆ? ಮನೆ ಮಾರಬೇಕಾಗಿ ಬಂದರೆ? ಒಂದು ಸೆಲ್ ತಿದ್ದಿದರೆ ಉತ್ತರ ಆ ಕಡೆ ವಾಲುತ್ತೆ, ಇನ್ನೊಂದು ತಿದ್ದಿದರೆ ಈ ಕಡೆ.

ಇದೇ ಪ್ರಶ್ನೆಗೆ ನಮಗಿಂತ ಮುಂಚೆ ಯಾರ್ಯಾರು ಏನೇನು ಉತ್ತರ ಕೊಟ್ಟಿದ್ದಾರೆ ಅಂತ ಹುಡುಕಲು ಕೂತೆ. ಪ್ಯಾನೆಲ್ ಹುಟ್ಟಿದ ಮನೆಯಲ್ಲೇ ಈ ಬಾಡಿಗೆ-ಖರೀದಿಯ ಕತೆ ಇತ್ತು.

ಫೋನ್ ಬಾಡಿಗೆಗೆ ಕೊಟ್ಟವರು

ಇವತ್ತು ನಮ್ಮ ತಾರಸಿಗಳ ಮೇಲಿರುವ ಸಿಲಿಕಾನ್ ಸೋಲಾರ್ ಸೆಲ್‌ನ ಪೂರ್ವಜ ಲೋಕದ ಮುಂದೆ ಕಾಣಿಸಿಕೊಂಡದ್ದು 1954ರ ಏಪ್ರಿಲ್ 25ರಂದು, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬೆಲ್ ಲ್ಯಾಬ್ಸ್‌ನಲ್ಲಿ. ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಎಂಬ ಮೂವರು ಮಾಡಿದ ಆ ಸೆಲ್ ಬಿಸಿಲಿನ ಸುಮಾರು ಶೇ. 6 ಭಾಗವನ್ನು ವಿದ್ಯುತ್ ಮಾಡುತ್ತಿತ್ತು. ಬಂದವರ ಮುಂದೆ ಅದು ಜಾತ್ರೆಯಲ್ಲಿ ತಿರುಗುವ ತೊಟ್ಟಿಲಿನಂಥ ಒಂದು ಆಟಿಕೆಯನ್ನು ತಿರುಗಿಸಿ ತೋರಿಸಿತು.

ಬೆಲ್ ಕಂಪನಿಗೆ ಮನೆಗಳನ್ನು ಬೆಳಗಿಸುವ ಯೋಚನೆ ಇರಲಿಲ್ಲ. ತೇವ, ಸೆಕೆ ಇರುವ ದೂರದ ಜಾಗಗಳಲ್ಲಿ ಅವರ ಟೆಲಿಫೋನ್ ವ್ಯವಸ್ಥೆಗೆ ಹಾಕಿದ ಡ್ರೈ ಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು. ಅದಕ್ಕೊಂದು ಪರಿಹಾರ ಬೇಕಿತ್ತು. 1955ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಹಳ್ಳಿ ಲೈನಿನಲ್ಲಿ ಪ್ರಯೋಗವೂ ನಡೆಯಿತು.

ಮನೆಗೆ ಹಾಕಿಸಿದರೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿದವನು ಚಾಪಿನ್ನೇ. ಒಂದು ವ್ಯಾಟ್‌ನ ಸೆಲ್‌ಗೆ 286 ಡಾಲರ್. ಒಂದು ಸಾಧಾರಣ ಮನೆಗೆ ಬೇಕಾದಷ್ಟು ಹಾಕಿಸಲು, 1956ರ ಲೆಕ್ಕದಲ್ಲಿ, 14 ಲಕ್ಷ 30 ಸಾವಿರ ಡಾಲರ್! ಕೊಳ್ಳುವ ಮಾತು ಅಲ್ಲಿಗೇ ಮುಗಿಯಿತು. 1958ರ ಮಾರ್ಚ್‌ನಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹದ ಮೈಮೇಲೆ ಕೂತು ಸೋಲಾರ್ ಸೆಲ್ ಆಕಾಶಕ್ಕೆ ಹೋಯಿತು. ಆಮೇಲೆ ಬಹಳ ಕಾಲ ಅದರ ದೊಡ್ಡ ಗಿರಾಕಿ ಬಾಹ್ಯಾಕಾಶವೇ.

ಈ ಸೆಲ್ ಕಂಡುಹಿಡಿದ ಬೆಲ್ ವ್ಯವಸ್ಥೆ ತನ್ನ ಗಿರಾಕಿಗಳಿಗೆ ಫೋನ್ ಮಾರುತ್ತಿರಲಿಲ್ಲ. ದಶಕಗಟ್ಟಲೆ ಅಮೆರಿಕದ ಬಹುಪಾಲು ಮನೆಗಳಲ್ಲಿದ್ದ ಫೋನು ಕಂಪನಿಯ ಆಸ್ತಿ, ಮನೆಯವರು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದರು. ನಮ್ಮಲ್ಲೂ ಹಾಗೇ ಇತ್ತಲ್ಲ, ಟೆಲಿಫೋನ್ ಇಲಾಖೆಯವರು ತಂದಿಟ್ಟ ಕಪ್ಪು ಫೋನು, ಬಿಲ್ಲಿನಲ್ಲಿ 'ರೆಂಟಲ್' ಅನ್ನುವ ಕಾಲಂ. ಅದರಲ್ಲಿ ಒಂದು ಸುಖವಿತ್ತು. ಫೋನ್ ಕೆಟ್ಟರೆ ತಲೆನೋವು ಅವರದ್ದು, ಹಾಗಾಗಿ ಕಲ್ಲುಗುಂಡಿನಂಥ ಫೋನನ್ನೇ ಮಾಡುತ್ತಿದ್ದರು. ಒಂದು ಕಷ್ಟವೂ ಇತ್ತು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದರೂ ಫೋನು ನಿಮ್ಮದಾಗುತ್ತಿರಲಿಲ್ಲ.

ಬಾಡಿಗೆಯ ಪೂರ್ತಿ ಕತೆ ಈ ಎರಡು ಮಾತಿನಲ್ಲೇ ಇದೆ. ಕೆಟ್ಟರೆ ಅವರ ತಲೆನೋವು, ಎಷ್ಟು ಕಟ್ಟಿದರೂ ಮುಗಿಯೋದಿಲ್ಲ.

ದಿನಕ್ಕೆ ಹತ್ತು ರೂಪಾಯಿ

ಮನೆಯ ಸೋಲಾರ್ ಅನ್ನು ಬಡವರೂ ಕೊಳ್ಳಬಹುದು ಅಂತ ತೋರಿಸಿದ ಊರುಗಳಲ್ಲಿ ನಮ್ಮ ಕರಾವಳಿಯ ಊರುಗಳೂ ಇವೆ. ಅದಕ್ಕೆ ಕಾರಣ ಹುಡುಕಲು ಇನ್ನೂ ಹಿಂದಕ್ಕೆ ಹೋಗಬೇಕು.

1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನವೂ ಮನೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದ. ತಿಂಗಳ ಸಂಬಳ ಇಲ್ಲದವನಿಗೆ ತಿಂಗಳ ಲೆಕ್ಕ ಹೊಂದೋದಿಲ್ಲ, ದಿನದ ಲೆಕ್ಕ ಹೊಂದುತ್ತೆ. ಇದು ಆ ನೆಲಕ್ಕೆ ಚೆನ್ನಾಗಿ ಗೊತ್ತಿದ್ದ ವಿಷಯ.

1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಸೆಲ್ಕೊ ಕಂಪನಿ ಶುರುಮಾಡಿದರು. ಹಂದೆ ಖರಗ್‌ಪುರದ ಐಐಟಿಯಲ್ಲಿ ಓದಿ ಅಮೆರಿಕದಲ್ಲಿ ಪಿಎಚ್‌ಡಿಗೆ ಹೋದವರು. ಡೊಮಿನಿಕನ್ ರಿಪಬ್ಲಿಕ್ಕಿನ ಹಳ್ಳಿಗಳಲ್ಲಿ ಬಡವರು ದುಡ್ಡು ಕೊಟ್ಟು ಸೋಲಾರ್ ಬಳಸುವುದನ್ನು ನೋಡಿ, ದೊಡ್ಡ ಸ್ಥಾವರಗಳ ಮೇಲಿನ ಸಂಶೋಧನೆ ಬಿಟ್ಟು ಈ ಕಡೆ ತಿರುಗಿದರು. ಆಗ ನಾಲ್ಕು ದೀಪದ ಒಂದು ಪುಟ್ಟ ವ್ಯವಸ್ಥೆಗೂ ಹತ್ತಾರು ಸಾವಿರ. ಕೂಲಿಯವರು ಎಲ್ಲಿಂದ ತರಬೇಕು?

ಹಂದೆ ಆಮೇಲೆ ಎಷ್ಟೋ ವೇದಿಕೆಗಳಲ್ಲಿ ಹೇಳಿರುವ ಒಂದು ಪ್ರಸಂಗವಿದೆ. ಬೀದಿಬದಿಯ ವ್ಯಾಪಾರಿಯೊಬ್ಬಳು ಅವರಿಗೆ ಹೇಳಿದಳಂತೆ, ತಿಂಗಳಿಗೆ 300 ರೂಪಾಯಿ ಅಂದರೆ ದುಬಾರಿ, ದಿನಕ್ಕೆ 10 ಅಂದರೆ ಕೊಡಬಹುದು ಅಂತ. ನಮ್ಮ ಎಕ್ಸೆಲ್‌ನಲ್ಲಿ ಎರಡೂ ಒಂದೇ. ಅವಳ ಪೆಟ್ಟಿಗೆಯಲ್ಲಿ ಎರಡೂ ಬೇರೆ. ಸಂಜೆ ವ್ಯಾಪಾರದಲ್ಲಿ ಬಂದ ದುಡ್ಡು ತಿಂಗಳ ಕೊನೆಯವರೆಗೆ ಅವಳ ಕೈಯಲ್ಲಿ ಉಳಿಯೋದೇ ಇಲ್ಲ.

ಸರಿಯಾಗಿ ನೋಡಿದರೆ ಇವರೆಲ್ಲ ಅಷ್ಟು ಹೊತ್ತಿಗಾಗಲೇ ಬೆಳಕಿಗೆ ಬಾಡಿಗೆ ಕಟ್ಟುತ್ತಲೇ ಇದ್ದರು. ಸೀಮೆಎಣ್ಣೆ, ಮೇಣದಬತ್ತಿ, ಟಾರ್ಚಿನ ಸೆಲ್ಲು. ದಿನವೂ ಸ್ವಲ್ಪ ಸ್ವಲ್ಪ, ಕೊನೆಯೇ ಇಲ್ಲದ ಹಾಗೆ. ಆ ಖರ್ಚನ್ನೇ ಕಂತು ಮಾಡಿ, ಐದು ವರ್ಷಕ್ಕೋ ಅದಕ್ಕೂ ಮೊದಲೋ ಮುಗಿಸಿಬಿಟ್ಟರೆ ಆಮೇಲೆ ಬೆಳಕು ಸ್ವಂತ. ಮಲಪ್ರಭಾ ಗ್ರಾಮೀಣ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ನಂಥವು ಸಾಲ ಕೊಡಲು ಒಪ್ಪಿದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ ಜೊತೆ ಸೇರಿ ಬಡ್ಡಿ ಇಳಿಸಿದ ಮೇಲೆ ನಾಲ್ಕೈದು ವರ್ಷದಲ್ಲಿ 16,000ಕ್ಕೂ ಹೆಚ್ಚು ಮನೆಗಳು ಸಾಲದ ಮೇಲೆ ಸೋಲಾರ್ ಹಾಕಿಸಿಕೊಂಡವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಇದೇ ಸೆಲ್ಕೊ ತಳ್ಳುಗಾಡಿಯವರಿಗೆ ಮಾತ್ರ ಬಾಡಿಗೆಯ ದಾರಿ ಮಾಡಿಕೊಟ್ಟಿತು. ಒಬ್ಬ ಸಣ್ಣ ಉದ್ಯಮಿ ಹಗಲು ಪ್ಯಾನೆಲ್‌ನಲ್ಲಿ ಬ್ಯಾಟರಿಗಳನ್ನು ಚಾರ್ಜ್ ಮಾಡೋದು, ಸಂಜೆ ವ್ಯಾಪಾರಿಗಳಿಗೆ ದೀಪ ಬಾಡಿಗೆಗೆ ಕೊಡೋದು. ತಲೆಯ ಮೇಲೆ ಸ್ವಂತ ಛಾವಣಿಯೇ ಇಲ್ಲದವರಿಗೆ ಪ್ಯಾನೆಲ್ ಮಾರಿ ಏನು ಮಾಡೋದು? ಸೂರು ಇದ್ದವರಿಗೆ ಕಂತಿನ ಖರೀದಿ, ಇಲ್ಲದವರಿಗೆ ದಿನದ ಬಾಡಿಗೆ. ಯಾರಿಗೆ ಎಷ್ಟು ದಿನದ ಭಾರ ಹೊರಲು ಆಗುತ್ತೆ ಅನ್ನುವುದೊಂದೇ ಅಳತೆ.

ಇಪ್ಪತ್ತು ವರ್ಷದ ಸಹಿ

ಅಮೆರಿಕದ ಮಧ್ಯಮವರ್ಗಕ್ಕೆ ಬಾಡಿಗೆ ಸೋಲಾರ್ ಬಂದದ್ದು ಇದಾದ ಮೇಲೆ. ಲಿಂಡನ್ ಮತ್ತು ಪೀಟರ್ ರೈವ್ ಎಂಬ ಅಣ್ಣತಮ್ಮಂದಿರು, ಇಲಾನ್ ಮಸ್ಕ್‌ಗೆ ಕಸಿನ್‌ಗಳು, 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೋಲಾರ್‌ಸಿಟಿ ಶುರುಮಾಡಿದರು. 2008ರಲ್ಲಿ ಲೀಸ್ ತಂದರು. ದೊಡ್ಡ ಮುಂಗಡ ಬೇಡ, ತಿಂಗಳಿಗಿಷ್ಟು ಕಟ್ಟಿ, ವರ್ಷಗಟ್ಟಲೆ. ಸನ್‌ರನ್‌ನಂಥ ಕಂಪನಿಗಳೂ ಇದೇ ದಾರಿಯಲ್ಲಿದ್ದವು.

2008ರಲ್ಲೇ ಯಾಕೆ ಅನ್ನೋದಕ್ಕೆ ತೆರಿಗೆ ಕಾನೂನಿನಲ್ಲಿ ಉತ್ತರವಿದೆ. ಆಗ ಸೋಲಾರ್ ಹಾಕಿಸಿದವರಿಗೆ ಶೇ. 30 ತೆರಿಗೆ ವಿನಾಯಿತಿ ಇತ್ತು. ಮನೆಯವರು ಕೊಂಡರೆ ಅದಕ್ಕೆ 2,000 ಡಾಲರ್‌ನ ಮಿತಿ, ಕಂಪನಿ ಕೊಂಡರೆ ಮಿತಿಯೇ ಇಲ್ಲ. ಪ್ಯಾನೆಲ್ ಇರೋದು ಅದೇ ಛಾವಣಿಯ ಮೇಲೆ, ಕಾಗದದಲ್ಲಿ ಮಾಲೀಕ ಯಾರು ಅನ್ನೋದರ ಮೇಲೆ ಸಾವಿರಾರು ಡಾಲರ್ ವ್ಯತ್ಯಾಸ. 2009ರಿಂದ ಆ ಮಿತಿ ಹೋದರೂ, ಅಷ್ಟು ತೆರಿಗೆಯನ್ನೇ ಕಟ್ಟದ ಕುಟುಂಬಗಳಿಗೆ ವಿನಾಯಿತಿ ಸಿಕ್ಕೂ ಪ್ರಯೋಜನವಿರಲಿಲ್ಲ. ಕಂಪನಿ ಅದನ್ನು ತಾನು ತಗೊಂಡು ಸ್ವಲ್ಪ ಭಾಗವನ್ನು ಕಡಿಮೆ ಕಂತಿನ ರೂಪದಲ್ಲಿ ಕೊಟ್ಟಿತು. 2014ರ ಹೊತ್ತಿಗೆ ಅಲ್ಲಿನ ಹೊಸ ಮನೆ-ಸೋಲಾರ್‌ಗಳಲ್ಲಿ ಶೇ. 70ಕ್ಕೂ ಹೆಚ್ಚು ಮನೆಯವರದ್ದಲ್ಲ, ಕಂಪನಿಗಳದ್ದು.

ಅಷ್ಟರಲ್ಲಿ ಪ್ಯಾನೆಲ್ ಬೆಲೆ ನೆಲಕಚ್ಚಿತು. 2008ರಲ್ಲಿ ವ್ಯಾಟ್‌ಗೆ ಮೂರ್ನಾಲ್ಕು ಡಾಲರ್ ಇದ್ದದ್ದು 2013ಕ್ಕೆ ಒಂದು ಡಾಲರ್‌ಗಿಂತ ಕೆಳಗೆ. ಆದರೆ ಲೀಸ್‌ಗೆ ಸಹಿ ಹಾಕಿದವರ ಕಂತು ಇಳಿಯಲಿಲ್ಲ, ಏರಿತು. ಅನೇಕ ಒಪ್ಪಂದಗಳಲ್ಲಿ ವರ್ಷಕ್ಕೆ ಶೇ. 2.9 ಏರಿಕೆ ಇತ್ತು. ಕೇಳಲು ಸಣ್ಣದು, 20ನೇ ವರ್ಷಕ್ಕೆ ಅದು ಮೊದಲ ವರ್ಷದ 1.7 ಪಟ್ಟು. ಇನ್ನೂ ದೊಡ್ಡ ಪೇಚು ಮನೆ ಮಾರುವಾಗ. ಕೆಲಸ ಬದಲಾದ ಹಾಗೆ ಊರು ಬದಲಿಸುವ ಜನ ಅವರು. ಮನೆ ಕೊಳ್ಳಲು ಬಂದವರು ಅಡುಗೆಮನೆ ನೋಡಿ ಮೆಚ್ಚಿ, ಛಾವಣಿ ಮೇಲಿನ ಲೀಸನ್ನೂ ನೀವೇ ಮುಂದುವರಿಸಬೇಕು ಅಂದಾಗ ಹಿಂದೆ ಸರಿಯುತ್ತಿದ್ದರು. ಆಗ ಮಾರುವವರೇ ಉಳಿದ ಕಂತನ್ನು ಒಟ್ಟಿಗೆ ಕಟ್ಟಿ ಬಿಡಿಸಿಕೊಳ್ಳಬೇಕು.

2016ರಲ್ಲಿ ಸೋಲಾರ್‌ಸಿಟಿಯನ್ನು ಟೆಸ್ಲಾ ಕೊಂಡಿತು. 2019ರಲ್ಲಿ ಅದೇ ಟೆಸ್ಲಾ ಕೆಲವು ರಾಜ್ಯಗಳಲ್ಲಿ ತಿಂಗಳಿಗೆ 50 ಡಾಲರ್‌ನಿಂದ ಶುರುವಾಗುವ ಬಾಡಿಗೆ ಯೋಜನೆ ತಂದಿತು, ಬೇಡ ಅನ್ನಿಸಿದಾಗ ಬಿಡಬಹುದು ಅಂತ. ಪ್ಯಾನೆಲ್ ಕಳಚಿಸಲು ಮಾತ್ರ 1,500 ಡಾಲರ್! ಆ ಹೊತ್ತಿಗೆ ಜನ ಸಾಲ ಮಾಡಿ ಕೊಳ್ಳುವ ಕಡೆಗೆ ವಾಲಿಯಾಗಿತ್ತು. ಈಗ ಮತ್ತೆ ತಿರುವು. 2025ರ ಹೊಸ ಕಾನೂನು ಮನೆಯವರಿಗಿದ್ದ ವಿನಾಯಿತಿಯನ್ನು ಆ ವರ್ಷದ ಕೊನೆಗೇ ನಿಲ್ಲಿಸಿತು, ಲೀಸ್ ಕಂಪನಿಗಳಿಗೆ ಇನ್ನೂ ಸ್ವಲ್ಪ ಕಾಲ ಉಳಿಸಿತು. ಬಾಡಿಗೆಯ ಜಾಹೀರಾತುಗಳಿಗೆ ಮತ್ತೆ ಜೀವ ಬಂತು. ಬಾಡಿಗೆ ಒಳ್ಳೆಯದೋ ಖರೀದಿ ಒಳ್ಳೆಯದೋ ಅನ್ನೋದು ಅಲ್ಲಿ ಎಷ್ಟೋ ಸಲ ಸಂಸತ್ತಿನಲ್ಲಿ ತೀರ್ಮಾನವಾಗಿದೆ.

ನಮ್ಮ ತಾರಸಿಗಳು

ಬೆಂಗಳೂರಿನಲ್ಲಿ ಒಂದು ಸೋಲಾರ್ ಬಗ್ಗೆ ಯಾರೂ ಈ ಪ್ರಶ್ನೆ ಕೇಳಲೇ ಇಲ್ಲ. ಅದು ನೀರು ಕಾಯಿಸುವ ಸೋಲಾರ್. ಸರ್ಕಾರ 2007ರಲ್ಲಿ ಹೊಸ ಮನೆಗಳಿಗೆ ಕಡ್ಡಾಯ ಮಾಡಿತು, ಬೆಸ್ಕಾಂ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಟ್ಟಿತು. ಎಲ್ಲರೂ ಕೊಂಡರು. ಕೆಟ್ಟರೆ ಬೀದಿಯ ಪ್ಲಂಬರ್ ಬರುತ್ತಾನೆ, ಯಾರ ಒಪ್ಪಂದವೂ ಬೇಕಿಲ್ಲ.

ಕರೆಂಟಿನ ಸೋಲಾರ್ ಹಾಗಲ್ಲ, ಅದಕ್ಕೆ ಬೆಸ್ಕಾಂ ಜೊತೆ ಸಂಬಂಧ ಬೇಕು. 2014ರ ನವೆಂಬರ್‌ನಲ್ಲಿ ಬೆಸ್ಕಾಂ ನೆಟ್ ಮೀಟರಿಂಗ್ ಶುರುಮಾಡಿದಾಗ, ಸಬ್ಸಿಡಿ ಪಡೆಯದೆ ಹಾಕಿಸಿದವರ ಹೆಚ್ಚುವರಿ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಇತ್ತು, 25 ವರ್ಷದ ಒಪ್ಪಂದ. ನಾವು ಬೆಸ್ಕಾಂಗೆ ಕಟ್ಟುವ ದರಕ್ಕಿಂತ ಹೆಚ್ಚು! 2016ರಲ್ಲಿ ಹೊಸಬರಿಗೆ ಅದು ಏಳು ರೂಪಾಯಿಯ ಆಸುಪಾಸಿಗೆ ಇಳಿಯಿತು, ಆಮೇಲೆ ಇನ್ನೂ ಕೆಳಗೆ. ಒಂದೇ ಬೀದಿಯಲ್ಲಿ ಒಂದೇ ಬಿಸಿಲಿಗೆ ಎರಡು ಬೆಲೆ, ಸಹಿ ಹಾಕಿದ ವರ್ಷದ ಮೇಲೆ. 2023ರ ಜುಲೈನಿಂದ ಗೃಹಜ್ಯೋತಿ ಬಂತು. ತಿಂಗಳಿಗೆ 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಗೆ ಪ್ಯಾನೆಲ್ ಕೊಂಡರೂ ಉಳಿತಾಯವಿಲ್ಲ, ಬಾಡಿಗೆಗೆ ತಂದರೂ ಉಳಿತಾಯವಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಬಂದು ಖರೀದಿಯ ಕಡೆಗೆ 78,000ದ ತೂಕ ಇಟ್ಟಿತು. ಅಪ್ಪನ ಕೈಗೆ ಕೊಟೇಶನ್ ಬಂದದ್ದು ಅದರಿಂದಲೇ.

ಇಷ್ಟೆಲ್ಲ ಓದಿ ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ವಿವರಿಸಿದೆ. ಅವರು ಎರಡನೇ ಕಾಗದ ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಪಾವಗಡದೋರಿಗೆ ಎಕರೆಗೆ ಇಷ್ಟು ಅಂತ ಕೊಡ್ತಾರಲ್ಲ, ನಮ್ಮ ತಾರಸಿಗೆ ಯಾಕೆ ಏನೂ ಇಲ್ಲ?"

ನನಗೆ ಹೊಳೆದೇ ಇರಲಿಲ್ಲ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆ ಮೇಲೆ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಕಾಲು ಶತಮಾನ ಮೀರುವ ಅವಧಿ. ಉಳುವವನೇ ಹೊಲದೊಡೆಯ ಅಂತ ಗೇಣಿದಾರರು ಭೂಮಿ ಪಡೆದ ರಾಜ್ಯದಲ್ಲಿ ಇಲ್ಲಿ ಸಣ್ಣ ರೈತನೇ ಒಡೆಯ, ದೊಡ್ಡ ಕಂಪನಿಯೇ ಗೇಣಿದಾರ. ಬರದ ಸೀಮೆಯಲ್ಲಿ ಪ್ರತಿ ವರ್ಷ ತಪ್ಪದೆ ಬರುವ ದುಡ್ಡು ಸಣ್ಣದಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಹೋಯಿತು. ಯಾರ ಹೆಸರಲ್ಲಿ ಏನಿದೆ ಅನ್ನೋದೇ ಅಲ್ಲೂ ಲೆಕ್ಕ.

ಅಪ್ಪನ ಪ್ರಶ್ನೆ ಆ ಕಾಗದವನ್ನು ತಿರುಗಿಸಿ ಓದುವ ಹಾಗೆ ಮಾಡಿತು. ನಾವು ಪ್ಯಾನೆಲ್ ಬಾಡಿಗೆಗೆ ತರುತ್ತಿದ್ದೇವೆ ಅಂದುಕೊಂಡಿದ್ದೆ. ನಿಜದಲ್ಲಿ ಕಂಪನಿಯೊಂದು ನಮ್ಮ ತಾರಸಿಯಲ್ಲಿ 25 ವರ್ಷ ಬಿಟ್ಟಿ ಕೂತು ನಮಗೇ ಕರೆಂಟ್ ಮಾರಲಿತ್ತು. ಶೇ. 3ರ ಏರಿಕೆಯಲ್ಲಿ 4 ರೂಪಾಯಿ 50 ಪೈಸೆ ಕೊನೆಯ ವರ್ಷಕ್ಕೆ 9 ರೂಪಾಯಿ ದಾಟುತ್ತೆ. ಅಷ್ಟರಲ್ಲಿ ಮೇಲೊಂದು ಮಹಡಿ ಕಟ್ಟಬೇಕು ಅನ್ನಿಸಿದರೆ ಅವರನ್ನು ಕೇಳಬೇಕು. ಮೋಸ ಏನಿಲ್ಲ, ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು. ನಾನು ಓದಿರಲಿಲ್ಲ ಅಷ್ಟೆ.

ಹಾಗಂತ ಬಾಡಿಗೆ ತಪ್ಪು ಅಂತ ನಾನು ಹೇಳಲಾರೆ. ಸಾಲ ಹುಟ್ಟದ ಮನೆಗೆ, ರಿಪೇರಿಗೆ ಓಡಾಡಲು ಯಾರೂ ಇಲ್ಲದವರಿಗೆ, ಕಂತಿಗಿಂತ ನೆಮ್ಮದಿ ದೊಡ್ಡದು ಅನ್ನುವವರಿಗೆ ಅದೇ ಸರಿ ಇರಬಹುದು. ನೀವೂ ಇಂಥ ಎರಡು ಕಾಗದ ಹಿಡಿದು ಕೂತಿದ್ದರೆ, ಯೂನಿಟ್ ಬೆಲೆಗಿಂತ ಮೊದಲು ಅವಧಿ ನೋಡಿ. ಆ ಸೂರಿನ ಕೆಳಗೆ ಅಷ್ಟು ವರ್ಷ ನೀವು ಇರ್ತೀರಾ? ಮಧ್ಯೆ ಬಿಡಿಸಿಕೊಳ್ಳಲು ಎಷ್ಟು? ಏರಿಕೆ ಎಷ್ಟು? ಸಬ್ಸಿಡಿ ಯಾರ ಹೆಸರಿಗೆ? ಕೊಳ್ಳುವುದಾದರೆ, ಏಳೆಂಟು ವರ್ಷದ ಮೇಲೆ ಇನ್ವರ್ಟರ್ ಕೆಟ್ಟಾಗ ಫೋನ್ ಎತ್ತುವವರು ನಿಮ್ಮ ಊರಿನಲ್ಲಿ ಇರ್ತಾರಾ?

ಇದನ್ನು ಹೇಳುವ ನನ್ನ ಪರಿಸ್ಥಿತಿ ನೋಡಿ. ಬೆಂಗಳೂರಿನ ನನ್ನ ಫ್ಲ್ಯಾಟ್ ಬಾಡಿಗೆಯದು, ಸೋಫಾ ಬಾಡಿಗೆಯದು, ವಾಷಿಂಗ್ ಮಷೀನ್ ಬಾಡಿಗೆಯದು. ಹನ್ನೊಂದು ತಿಂಗಳ ಅಗ್ರಿಮೆಂಟ್‌ಗಿಂತ ದೂರದ್ದನ್ನು ನಾನು ಯೋಚಿಸೋದೇ ಕಡಿಮೆ. ಅಪ್ಪನಿಗೆ ಮಾತ್ರ ಕೊಂಡುಕೊಳ್ಳಿ ಅಂತ ಹೇಳಿದೆ.

"ಸರಿ, ಯಾರ ಹೆಸರಲ್ಲಿ ಅರ್ಜಿ ಹಾಕ್ಲಿ?" ಅಂದರು. ನಾನು ತಡಬಡಾಯಿಸಿದೆ. "ನೀನು ವಾಪಸ್ ಬರ್ತೀಯಾ ಅಂತ ಕೇಳ್ತಿಲ್ಲ ಮಾರಾಯ, ಹೆಸರು ಕೇಳ್ತಿದೀನಿ," ಅಂತ ನಕ್ಕರು. ಕೊನೆಗೆ ಮೀಟರ್ ಅವರ ಹೆಸರಲ್ಲೇ ಇದ್ದದ್ದರಿಂದ ಅರ್ಜಿಯೂ ಅವರ ಹೆಸರಲ್ಲೇ ಹೋಯಿತು. ಸಾಲ ಐದು ವರ್ಷಕ್ಕೆ. ಕಂತಿನಲ್ಲಿ ಅರ್ಧ ನನ್ನದು.

ಬ್ಯಾಂಕಿನಿಂದ ಹೊರಗೆ ಬರುವಾಗ ಅಪ್ಪ ಬೆರಳಲ್ಲಿ ಲೆಕ್ಕ ಹಾಕಿದರು. "ಐದು ವರ್ಷ ಅಂದ್ರೆ 73. ಅದು ಪರವಾಗಿಲ್ಲ," ಅಂದರು.